ಫೇರಫಾರ ಓದುವ ವಿದ್ಯೆ

ಇಂದಿನ ಯುಗವು ಗಣಕಯಂತ್ರದ ಯುಗವೆಂಬುದು ಈಗ ಹೊಸ ಮಾತಲ್ಲ. ಹಳ್ಳಿಯ ಹಾಲಿನ ಸಂಘದ ಲೆಕ್ಕದಿಂದ ಹಿಡಿದು ಇಚಲಕರಂಜಿಯ ಮಗ್ಗದ ಕಾರಖಾನೆಯವರೆಗೆ ಅದರ ಪ್ರವೇಶವಾಗಿದೆ. ಕನ್ನಡದಲ್ಲಿ ಕಲಿತು ಹತ್ತನೆಯ ಇಯತ್ತೆ ದಾಟಿದ ನಮ್ಮ ಮಕ್ಕಳಲ್ಲಿ ಅನೇಕರು ಗಡಹಿಂಗ್ಲಜ, ಇಚಲಕರಂಜಿ, ಕೊಲ್ಹಾಪುರಗಳ ಕಾಲೇಜುಗಳಿಗೆ ಹೋಗಿ ಗಣಕ ವಿಜ್ಞಾನವನ್ನು ಆರಿಸಿಕೊಳ್ಳುತ್ತಾರೆ. ಮುಂದೆ ಉದ್ಯೋಗಕ್ಕಾಗಿ ಪುಣೆ, ಬೆಂಗಳೂರು ಸೇರುತ್ತಾರೆ. ಹಾಗೆ ಹೋದವರು ಹಬ್ಬಕ್ಕೆ ಊರಿಗೆ ಬಂದಾಗ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಪ್ರೋಗ್ರಾಂ ಬರೆಯುವುದನ್ನು ಹೇಗೋ ಕಲಿತುಕೊಂಡೆವು, ಆದರೆ ಬೇರೊಬ್ಬರು ಮಾಡಿದ ಬದಲಾವಣೆಯನ್ನು ಗಿಟ್ ಎಂಬ ಉಪಕರಣವು ತೋರಿಸಿದಾಗ ಆ ಪುಟ ನೋಡಿಯೇ ತಲೆ ಸುತ್ತಿತು ಎಂಬುದೇ ಆ ದೂರು. ಕನ್ನಡ ಮಾಧ್ಯಮದವರಾದ ನಮಗೆ ಇದು ನಿಲುಕದ ವಿದ್ಯೆಯೇನೋ ಎಂಬ ಸಂಶಯವೂ ಕೆಲವರ ಮನಸ್ಸಿನಲ್ಲಿ ಮೂಡುತ್ತದೆ.

ಈ ಸಂಶಯವು ನಿರಾಧಾರವೆಂದು ನಮ್ಮ ಅಭಿಪ್ರಾಯ. ಎರಡು ಪ್ರತಿಗಳನ್ನು ಎದುರು ಬದುರು ಇಟ್ಟು ವ್ಯತ್ಯಾಸವನ್ನು ಓದುವ ವಿದ್ಯೆಯು ಇಂಗ್ಲಿಷಿನ ಸ್ವತ್ತೂ ಅಲ್ಲ, ನಿನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. ನಮ್ಮ ಮನೆಯ ಕಾಗದಪತ್ರಗಳಲ್ಲಿ, ನಮ್ಮ ಕೊಲ್ಹಾಪುರದ ವಿದ್ವಾಂಸರ ಪುಸ್ತಕಗಳಲ್ಲಿ ಅದು ಬಹಳ ಕಾಲದಿಂದ ಇದೆ. ಅದನ್ನು ಗುರುತಿಸಿಕೊಂಡರೆ ಗಿಟ್ಟಿನ ಪುಟಕ್ಕೆ ಹೊಂದಿಕೊಳ್ಳುವುದು ಕಠಿಣವಾಗದು. ಆದರೆ ಹೊಂದಿಕೊಳ್ಳುವುದೆಂದರೆ ಯಂತ್ರ ಹೇಳಿದ್ದಕ್ಕೆಲ್ಲ ತಲೆದೂಗುವುದಲ್ಲ. ಎಲ್ಲಿ ನಾವು ಬದಲಾಗಬೇಕು, ಎಲ್ಲಿ ಉಪಕರಣವನ್ನೇ ತಿದ್ದಿಕೊಳ್ಳಬೇಕು ಎಂಬ ವಿವೇಚನೆ ಬೇಕು. ಆ ವಿವೇಚನೆಯ ಕುರಿತು ವಿದ್ಯಾರ್ಥಿಗಳ ಮುಂದೆಯೂ ಪಾಲಕರ ಮುಂದೆಯೂ ಕೆಲವು ಮಾತುಗಳನ್ನು ಇಡಬಯಸುತ್ತೇವೆ.

ಮೊದಲು ಈ ಉಪಕರಣವೆಂದರೆ ಏನೆಂಬುದನ್ನು ತಿಳಿಯೋಣ. ಹತ್ತು ಜನರು ಕೂಡಿ ಒಂದು ದೊಡ್ಡ ಪ್ರೋಗ್ರಾಂ ಬರೆಯುವಾಗ ಯಾರು, ಯಾವಾಗ, ಏನು ಬದಲಿಸಿದರೆಂಬ ದಾಖಲೆ ಇರಲೇಬೇಕು. ಇಲ್ಲವಾದರೆ ಒಬ್ಬ ಕಟ್ಟಿದ್ದನ್ನು ಇನ್ನೊಬ್ಬ ಕೆಡವಿದ್ದು ಯಾರಿಗೂ ತಿಳಿಯದು. ಈ ದಾಖಲೆಯ ಕೆಲಸಕ್ಕೆ ಆವೃತ್ತಿ ನಿಯಂತ್ರಣವೆಂದು ಹೆಸರು. ಇಂದು ಇದಕ್ಕಾಗಿ ಬಹುಮಟ್ಟಿಗೆ ಎಲ್ಲೆಡೆ ಬಳಕೆಯಲ್ಲಿರುವುದು ಗಿಟ್. ಫಿನ್ಲಂಡಿನಲ್ಲಿ ಹುಟ್ಟಿದ ಲಿನಸ್ ಟೋರ್ವಾಲ್ಡ್ಸ್ ಅವರು 2005ರಲ್ಲಿ ಲಿನಕ್ಸ್ ಯೋಜನೆಯ ಸಲುವಾಗಿ ಅದನ್ನು ರಚಿಸಿದರು. ಅದು ಹಳೆಯ ಪ್ರತಿಯನ್ನೂ ಹೊಸ ಪ್ರತಿಯನ್ನೂ ಕಾಯ್ದಿಟ್ಟು, ಕೇಳಿದಾಗ ಹೋಲಿಸಿ ತೋರಿಸುತ್ತದೆ. ಹೋಲಿಕೆಯ ಈ ಪುಟಕ್ಕೆ ಡಿಫ್ ಎನ್ನುತ್ತಾರೆ. ಡಿಫ್ ಗಿಟ್ಟಿಗಿಂತ ಹಿರಿಯದು. ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಡಗ್ಲಸ್ ಮೆಕಿಲ್‌ರಾಯ್ ಅವರು 1970ರ ದಶಕದ ಆರಂಭದಲ್ಲಿ ಅದನ್ನು ಸಿದ್ಧಪಡಿಸಿದರು. ಅದರ ಹಿಂದಿನ ಗಣಿತವನ್ನು 1976ರಲ್ಲಿ ಜೇಮ್ಸ್ ಹಂಟ್ ಅವರೊಂದಿಗೆ ಪ್ರಕಟಿಸಿದರು.

ಪಾಲಕರಿಗೆ ಇದನ್ನು ತಿಳಿಸಿ ಹೇಳಲು ದೂರ ಹೋಗಬೇಕಾಗಿಲ್ಲ. ನಮ್ಮಲ್ಲಿ ಹೊಲಮನೆ ಇದ್ದವರೆಲ್ಲರೂ ಸಾತಬಾರಾ ಉತಾರ ನೋಡಿದವರೇ. ಹೊಲ ಮಾರಾಟವಾದಾಗ, ಇಲ್ಲವೆ ತಂದೆ ತೀರಿಕೊಂಡು ಮಕ್ಕಳ ಹೆಸರು ಹತ್ತುವಾಗ ಏನಾಗುತ್ತದೆ? ಹಳೆಯ ಹೆಸರನ್ನು ಒರೆಸಿ ಹಾಕುವುದಿಲ್ಲ. ಅದನ್ನು ಕಂಸದಲ್ಲಿ ಇಟ್ಟು, ಹೊಸ ಹೆಸರನ್ನು ಬರೆದು, ಪಕ್ಕದಲ್ಲಿ ಫೇರಫಾರದ ಸಂಖ್ಯೆಯನ್ನು ಕಾಣಿಸುತ್ತಾರೆ. ಆ ಸಂಖ್ಯೆಯನ್ನು ಹಿಡಿದು ಗಾವ ನಮುನಾ 6 ಎಂಬ ಫೇರಫಾರ ವಹಿಯನ್ನು ತೆರೆದರೆ ಯಾವ ತಾರೀಖಿಗೆ, ಯಾವ ಕಾರಣಕ್ಕೆ, ಯಾರಿಂದ ಯಾರಿಗೆ ಹಕ್ಕು ಬಂತೆಂಬುದು ಸಿಕ್ಕುತ್ತದೆ. 1966ರ ಮಹಾರಾಷ್ಟ್ರ ಭೂ ಮಹಸೂಲು ಕಾಯಿದೆಯಲ್ಲಿ ಇದಕ್ಕೆ ನಿಯಮಗಳಿವೆ. ತಲಾಠಿಯವರು ನೋಂದಣಿ ಮಾಡಿ ಸಂಬಂಧಪಟ್ಟವರಿಗೆ ನೋಟೀಸು ಕೊಡುತ್ತಾರೆ. ತಕರಾರು ಇದ್ದರೆ ಅದರ ವಿಚಾರಣೆಯಾಗುತ್ತದೆ. ಮೇಲಿನ ಅಧಿಕಾರಿಯವರು ಪ್ರಮಾಣಿತ ಮಾಡಿದ ಮೇಲೆಯೇ ಅದು ಪಕ್ಕಾ ಆಗುತ್ತದೆ.

ಗಿಟ್ಟಿನಲ್ಲಿಯೂ ಇದೇ ಪದ್ಧತಿ. ಪ್ರತಿಯೊಂದು ಬದಲಾವಣೆಗೂ ಬರೆದವರ ಹೆಸರು, ತಾರೀಖು, ಕಾರಣ ಹೇಳುವ ಒಂದೆರಡು ಸಾಲು ಇರುತ್ತವೆ. ಸಹೋದ್ಯೋಗಿಗಳು ಓದಿ, ತಕರಾರು ಇದ್ದರೆ ಹೇಳಿ, ಒಪ್ಪಿದ ಮೇಲೆಯೇ ಅದನ್ನು ಮೂಲಕ್ಕೆ ಸೇರಿಸುವುದು ಒಳ್ಳೆಯ ಕಚೇರಿಗಳ ರೂಢಿ. ಆದ್ದರಿಂದ ಡಿಫ್ ಎಂಬುದಕ್ಕೆ ನಮ್ಮ ಭಾಗದ ಮಾತಿನಲ್ಲಿ ಫೇರಫಾರ ಎನ್ನಬಹುದು. ಸಾತಬಾರಾ ಓದಬಲ್ಲ ಒಕ್ಕಲಿಗನ ಮಗನಿಗೆ ಗಿಟ್ ಪರಕೀಯವಾಗುವುದು ಹೇಗೆ?

ಈಗ ಆ ಪುಟವನ್ನು ಓದುವ ಕ್ರಮವನ್ನು ನೋಡೋಣ. ಒಬ್ಬ ವಿದ್ಯಾರ್ಥಿಯು ಹಿರಣ್ಯಕೇಶಿ ನದಿಯ ಮೇಲೆ ಪ್ರಬಂಧ ಬರೆದು, ಆಮೇಲೆ ಒಂದು ಸಾಲು ತಿದ್ದಿದ್ದಾನೆ ಎಂದು ಇಟ್ಟುಕೊಳ್ಳಿರಿ. ಗಿಟ್ ಹೀಗೆ ತೋರಿಸುತ್ತದೆ:

@@ -12,7 +12,7 @@
− ಹಿರಣ್ಯಕೇಶಿ ನದಿಯು ಗಡಹಿಂಗ್ಲಜದಲ್ಲಿ ಹುಟ್ಟುತ್ತದೆ.
+ ಹಿರಣ್ಯಕೇಶಿ ನದಿಯು ಗಡಹಿಂಗ್ಲಜದ ಬಳಿ ಹರಿಯುತ್ತದೆ.

ಮೇಲಿನ ಅಂಕಿಗಳನ್ನು ಕಂಡು ಅಂಜಬೇಕಾಗಿಲ್ಲ. ಹಳೆಯ ಪ್ರತಿಯಲ್ಲಿ 12ನೆಯ ಸಾಲಿನಿಂದ ಏಳು ಸಾಲು, ಹೊಸ ಪ್ರತಿಯಲ್ಲಿಯೂ 12ನೆಯ ಸಾಲಿನಿಂದ ಏಳು ಸಾಲು ಇಲ್ಲಿ ತೋರಿಸಲಾಗಿದೆ ಎಂದು ಅದರ ಅರ್ಥ. ಬದಲಾದದ್ದು ಒಂದೇ ಸಾಲಾದರೂ ಅದರ ಹಿಂದೆ ಮೂರು, ಮುಂದೆ ಮೂರು ಸಾಲುಗಳನ್ನು ಗಿಟ್ ಜೊತೆಗೆ ಕೊಡುತ್ತದೆ. ಸ್ಥಳ ಉಳಿಸಲು ನಾವು ಅವನ್ನು ಇಲ್ಲಿ ಬಿಟ್ಟಿದ್ದೇವೆ. ಹಿಂದುಮುಂದಿನ ಸಂದರ್ಭ ತಿಳಿಯದೆ ಒಂದು ಸಾಲನ್ನು ಓದಬಾರದೆಂಬುದೇ ಇದರ ಉದ್ದೇಶ. ವಜಾ ಚಿಹ್ನೆಯ ಸಾಲು ಹಳೆಯದು, ಕೂಡು ಚಿಹ್ನೆಯ ಸಾಲು ಹೊಸದು, ಯಾವ ಚಿಹ್ನೆಯೂ ಇಲ್ಲದ ಸಾಲು ಬದಲಾಗದೆ ಉಳಿದದ್ದು. ಇಷ್ಟು ತಿಳಿದರೆ ಅರ್ಧ ಪಾಠ ಮುಗಿದಂತೆ.

ಉಳಿದ ಅರ್ಧವು ಮನಸ್ಸಿಗೆ ಸಂಬಂಧಿಸಿದ್ದು. ಪರದೆಯ ಮೇಲೆ ಹಳೆಯ ಸಾಲು ಸಾಮಾನ್ಯವಾಗಿ ಕೆಂಪಾಗಿಯೂ ಹೊಸ ಸಾಲು ಹಸಿರಾಗಿಯೂ ಕಾಣುತ್ತದೆ. ಶಾಲೆಯ ಮಕ್ಕಳಿಗೆ ಕೆಂಪೆಂದರೆ ತಪ್ಪು. ಗುರುಗಳ ಕೆಂಪು ಶಾಯಿಯನ್ನು ಕಂಡೊಡನೆ ಗುಣ ಕಡಿಮೆಯಾಯಿತೆಂದು ಮುಖ ಬಾಡಿಸಿಕೊಳ್ಳುವುದು ರೂಢಿಯಾಗಿಬಿಟ್ಟಿದೆ. ಅದೇ ರೂಢಿಯನ್ನು ಹೊತ್ತುಕೊಂಡು ಹೋದ ಯುವಕನು ತಾನು ಬರೆದ ಸಾಲುಗಳ ಮೇಲೆ ಕೆಂಪು ಬಿದ್ದದ್ದನ್ನು ಕಂಡು ತನಗೆ ಅವಮಾನವಾಯಿತೆಂದು ತಿಳಿಯುತ್ತಾನೆ. ಇಲ್ಲಿ ನಾವು ಹೊಂದಿಕೊಳ್ಳಬೇಕು. ಡಿಫ್ ಯಾರಿಗೂ ಗುಣ ಕೊಡುವುದಿಲ್ಲ. ಅದರ ಕೆಂಪಿಗೆ “ಮೊದಲು ಹೀಗಿತ್ತು” ಎಂದಷ್ಟೇ ಅರ್ಥ. ಹಸಿರಿಗೆ “ಈಗ ಹೀಗಿದೆ” ಎಂದಷ್ಟೇ ಅರ್ಥ. ಹಳೆಯದು ಸರಿಯಾಗಿದ್ದು ಹೊಸದೇ ತಪ್ಪಾಗಿರಬಹುದು. ನದಿಯ ಉದಾಹರಣೆಯಲ್ಲಿ ಎರಡು ಸಾಲುಗಳನ್ನು ಅದಲು ಬದಲು ಮಾಡಿದರೂ ಯಂತ್ರವು ಅಷ್ಟೇ ನಿರ್ವಿಕಾರವಾಗಿ ತೋರಿಸುತ್ತಿತ್ತು. ಹಿರಣ್ಯಕೇಶಿ ಹುಟ್ಟುವುದು ಅಂಬೋಲಿಯ ಘಟ್ಟದಲ್ಲಿ ಎಂಬುದು ಅದಕ್ಕೇನು ಗೊತ್ತು? ವ್ಯತ್ಯಾಸವನ್ನು ತೋರಿಸುವುದು ಯಂತ್ರದ ಕೆಲಸ, ನಿರ್ಣಯ ಕೊಡುವುದು ಓದುವವನ ಕೆಲಸ. ಇಚಲಕರಂಜಿಯಲ್ಲಿ ನೇಯ್ದ ಬಟ್ಟೆಯನ್ನು ಬೆಳಕಿನಲ್ಲಿ ಹರಡಿ, ಹಾಸಿನಲ್ಲಿ ಎಲ್ಲಿ ಎಳೆ ತಪ್ಪಿದೆ, ಹೊಕ್ಕಿನಲ್ಲಿ ಎಲ್ಲಿ ಸಡಿಲಾಗಿದೆ ಎಂದು ಗುರುತು ಮಾಡುತ್ತಾರೆ. ಬೆಳಕು ಎಳೆಯನ್ನು ತೋರಿಸುತ್ತದೆ. ಆ ಬಟ್ಟೆ ನಡೆಯುತ್ತದೋ ಇಲ್ಲವೋ ಎಂದು ಹೇಳಲು ನುರಿತ ಕಣ್ಣು ಬೇಕು.

ಇನ್ನು ಡಿಫ್‌ನ ಮೇಲಿನ ದೂರುಗಳನ್ನು ಪರಿಶೀಲಿಸೋಣ. ಒಂದು ಅಕ್ಷರ ಬದಲಿಸಿದರೂ ಇಡೀ ಸಾಲನ್ನೇ ತೆಗೆದು ಹಾಕಿ ಹೊಸದಾಗಿ ಬರೆದಂತೆ ತೋರಿಸುತ್ತದೆ ಎಂಬುದು ಮೊದಲನೆಯದು. ಒಂದು ಪರಿಚ್ಛೇದವನ್ನು ಮೇಲಿನಿಂದ ಕೆಳಗೆ ಸರಿಸಿದರೆ ಅಲ್ಲಿ ಸತ್ತು ಇಲ್ಲಿ ಹುಟ್ಟಿದಂತೆ ತೋರಿಸುತ್ತದೆ ಎಂಬುದು ಎರಡನೆಯದು. ಸುಮ್ಮನೆ ಖಾಲಿ ಜಾಗ ಹೆಚ್ಚು ಕಡಿಮೆ ಮಾಡಿದರೂ ಬದಲಾವಣೆಯೆಂದು ಗದ್ದಲ ಮಾಡುತ್ತದೆ ಎಂಬುದು ಮೂರನೆಯದು. ಈ ದೂರುಗಳಲ್ಲಿ ಹುರುಳಿದೆ. ಆದರೆ ಇವುಗಳ ಕಾರಣವನ್ನು ತಿಳಿದರೆ ಸಿಟ್ಟು ಅರ್ಧ ಇಳಿಯುತ್ತದೆ.

ಡಿಫ್ ಅರ್ಥವನ್ನು ನೋಡುವುದಿಲ್ಲ, ಸಾಲುಗಳನ್ನು ನೋಡುತ್ತದೆ. ಎರಡೂ ಪ್ರತಿಗಳಲ್ಲಿ ಅದೇ ಕ್ರಮದಲ್ಲಿ ಬರುವ ಸಾಲುಗಳ ಆದಷ್ಟು ಉದ್ದವಾದ ಸರಣಿಯನ್ನು ಹುಡುಕಿ, ಅದರಲ್ಲಿ ಸೇರದ ಹಳೆಯ ಸಾಲಿಗೆ ವಜಾ, ಹೊಸ ಸಾಲಿಗೆ ಕೂಡು ಚಿಹ್ನೆ ಹಚ್ಚುತ್ತದೆ. ಆದಷ್ಟು ಕಡಿಮೆ ಚಿಹ್ನೆಗಳಲ್ಲಿ ಕೆಲಸ ಮುಗಿಸುವುದೇ ಅದರ ಗುರಿ. ಯುಜೀನ್ ಮೈಯರ್ಸ್ ಎಂಬ ವಿದ್ವಾಂಸರು 1986ರಲ್ಲಿ ಪ್ರಕಟಿಸಿದ ವಿಧಾನವೇ ಇಂದಿಗೂ ಗಿಟ್ಟಿನಲ್ಲಿ ಮೊದಲ ಆಯ್ಕೆಯಾಗಿದೆ. ಇದರಿಂದ ಒಂದು ಮೋಜಿನ ಸಂಗತಿಯೂ ನಡೆಯುತ್ತದೆ. ಪ್ರತಿ ನುಡಿಯ ಕೊನೆಗೆ ಒಂದೇ ಪಲ್ಲವಿ ಬರುವ ಭಜನೆಯ ಪದವೊಂದಿದೆ ಎನ್ನಿರಿ. ಅದರ ನಡುವೆ ನೀವು ಒಂದು ಹೊಸ ನುಡಿಯನ್ನೂ ಅದರ ಪಲ್ಲವಿಯನ್ನೂ ಸೇರಿಸಿದಿರಿ. ಯಂತ್ರವು ಹಿಂದಿನ ನುಡಿಯ ಪಲ್ಲವಿಯನ್ನು ಹೊಸದೆಂದೂ ನಿಮ್ಮ ಹೊಸ ಪಲ್ಲವಿಯನ್ನು ಹಳೆಯದೆಂದೂ ತೋರಿಸಬಹುದು. ಲೆಕ್ಕದ ದೃಷ್ಟಿಯಿಂದ ಎರಡೂ ಸರಿಯೇ, ಏಕೆಂದರೆ ಸೇರಿದ ಸಾಲುಗಳ ಸಂಖ್ಯೆ ಒಂದೇ. ಹಾಡುವವನಿಗೆ ಮಾತ್ರ ಅದು ವಿಚಿತ್ರವಾಗಿ ಕಾಣುತ್ತದೆ. ಆದ್ದರಿಂದ ಡಿಫ್ ಹೇಳುವುದು ಬದಲಾವಣೆ ನಡೆದ ಕಥೆಯನ್ನಲ್ಲ. ಹಳೆಯದರಿಂದ ಹೊಸದಕ್ಕೆ ಹೋಗಲು ಇರುವ ಹಲವು ದಾರಿಗಳಲ್ಲಿ ಗಿಡ್ಡದಾದ ಒಂದು ದಾರಿಯನ್ನು ಎಂಬುದನ್ನು ನೆನಪಿಡಬೇಕು.

ದೂರುಗಳಿಗೆ ಪರಿಹಾರಗಳೂ ಇವೆ. ಸಾಲಿನ ಬದಲು ಶಬ್ದಗಳನ್ನೇ ಹೋಲಿಸು ಎಂದು ಗಿಟ್ಟಿಗೆ ಹೇಳಬಹುದು. ಖಾಲಿ ಜಾಗವನ್ನು ಲೆಕ್ಕಿಸಬೇಡ ಎನ್ನಬಹುದು. ಸ್ಥಳಾಂತರವಾದ ಸಾಲುಗಳಿಗೆ ಬೇರೆ ಬಣ್ಣ ಕೊಡು ಎನ್ನಬಹುದು. ಎರಡು ಪ್ರತಿಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸುವ ಸಾಧನಗಳೂ ಇವೆ. ಹಾಗಾದರೆ ಕೂಡು ವಜಾಗಳ ಈ ಹಳೆಯ ಪುಟವನ್ನು ಏಕೆ ಕಲಿಯಬೇಕೆಂದು ಕೆಲವರು ಕೇಳುತ್ತಾರೆ. ಸಾಧನಗಳನ್ನು ಬಳಸಬಾರದೆಂದು ನಾವು ಹೇಳುವುದಿಲ್ಲ. ಆದರೆ ಆ ಪುಟವು ಎಲ್ಲ ಸಾಧನಗಳಿಗೂ ಸಮಾನವಾದ ಭಾಷೆ. ಅದನ್ನು ಪತ್ರದಲ್ಲಿ ಕಳಿಸಬಹುದು, ಕಾಗದದ ಮೇಲೆ ಅಚ್ಚು ಹಾಕಬಹುದು, ಅಗ್ಗದ ಯಂತ್ರದಲ್ಲಿಯೂ ಓದಬಹುದು. ಅಷ್ಟೇ ಅಲ್ಲ, ಹಳೆಯ ಪ್ರತಿ ಮತ್ತು ಈ ಪುಟ ಎರಡಿದ್ದರೆ ಹೊಸ ಪ್ರತಿಯನ್ನು ಯಂತ್ರವೇ ಕಟ್ಟಿಕೊಡುತ್ತದೆ. ಲ್ಯಾರಿ ವಾಲ್ ಅವರು 1985ರಲ್ಲಿ ರಚಿಸಿದ ಪ್ಯಾಚ್ ಎಂಬ ಪ್ರೋಗ್ರಾಂ ಇದೇ ಕೆಲಸ ಮಾಡುತ್ತದೆ. ಮಗ್ಗಿ ಬಾಯಿಪಾಠವಿದ್ದವನು ಲೆಕ್ಕಯಂತ್ರ ಬಳಸುವುದಕ್ಕೂ ಮಗ್ಗಿಯೇ ಬಾರದವನು ಬಳಸುವುದಕ್ಕೂ ಇರುವ ಅಂತರವನ್ನು ಪಾಲಕರು ಬಲ್ಲರು.

ಎರಡು ಪ್ರತಿಗಳ ಹೋಲಿಕೆಯಲ್ಲಿ ನಿರ್ಣಯವು ಮನುಷ್ಯನದೇ ಎಂದೆವು. ಇದಕ್ಕೆ ನಮ್ಮ ಕೊಲ್ಹಾಪುರದಲ್ಲಿಯೇ ಉಜ್ವಲವಾದ ಮಾದರಿಗಳಿವೆ. ಚಿಕ್ಕೋಡಿ ಭಾಗದ ಸದಲಗಾದಲ್ಲಿ 1906ರಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅನೇಕ ವರ್ಷ ಅರ್ಧಮಾಗಧಿಯ ಪ್ರಾಧ್ಯಾಪಕರಾಗಿದ್ದರು. ಪ್ರಾಕೃತ, ಸಂಸ್ಕೃತ, ಅಪಭ್ರಂಶ ಗ್ರಂಥಗಳ ಹಸ್ತಪ್ರತಿಗಳನ್ನು ತರಿಸಿ, ಅಕ್ಷರ ಅಕ್ಷರ ಹೋಲಿಸಿ, ಶುದ್ಧವಾದ ಪಾಠವನ್ನು ಸಿದ್ಧಪಡಿಸುವುದರಲ್ಲಿಯೇ ಅವರ ಆಯುಷ್ಯ ಸವೆಯಿತು. ಉದ್ಯೋತನಸೂರಿಯು ಕ್ರಿ.ಶ. 779ರಲ್ಲಿ ಮುಗಿಸಿದ ಕುವಲಯಮಾಲಾ ಎಂಬ ಪ್ರಾಕೃತ ಕಥಾಗ್ರಂಥವನ್ನು ಅವರು ಸಂಪಾದಿಸಿ ಅದರ ಮೂಲವನ್ನು 1959ರಲ್ಲಿ ಪ್ರಕಟಿಸಿದರು. ಪೇಟೆಯಲ್ಲಿ ನೆರೆದ ಬೇರೆ ಬೇರೆ ದೇಶದ ಜನರ ಮಾತಿನ ಮಾದರಿಗಳನ್ನು ಕೊಡುತ್ತ ಕರ್ಣಾಟದವರನ್ನೂ ಮಹಾರಾಷ್ಟ್ರದವರನ್ನೂ ಹೆಸರಿಸುವ ಗ್ರಂಥವದು. ಅದಕ್ಕೆ ಅವರಿಗೆ ದೊರೆತ ಆಧಾರಗಳು ಎರಡು: ಜೈಸಲಮೇರದ ತಾಡವೋಲೆಯ ಪ್ರತಿ ಒಂದು, ಪುಣೆಯ ಕಾಗದದ ಪ್ರತಿ ಇನ್ನೊಂದು. ಇಂದು ಗಿಟ್ ಹಳೆಯ ಪ್ರತಿಗೆ ಎ, ಹೊಸ ಪ್ರತಿಗೆ ಬಿ ಎಂದು ಹೆಸರಿಡುವಂತೆ ಸಂಪಾದಕರೂ ಒಂದೊಂದು ಪ್ರತಿಗೆ ಒಂದೊಂದು ಅಕ್ಷರದ ಗುರುತು ಇಟ್ಟುಕೊಳ್ಳುತ್ತಾರೆ. ಪುಟದ ಮೇಲ್ಭಾಗದಲ್ಲಿ ಆರಿಸಿದ ಪಾಠವನ್ನೂ ಕೆಳಗೆ ಸಣ್ಣ ಅಕ್ಷರಗಳಲ್ಲಿ ಪಾಠಾಂತರಗಳನ್ನೂ ಕೊಡುತ್ತಾರೆ. ಓದುಗನು ಬೇಕಾದರೆ ಸಂಪಾದಕನ ನಿರ್ಣಯವನ್ನು ಪರೀಕ್ಷಿಸಲಿ ಎಂಬ ಪ್ರಾಮಾಣಿಕತೆ ಆ ಸಣ್ಣ ಅಕ್ಷರಗಳಲ್ಲಿದೆ.

ಅದೇ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸಿದ ಪ್ರೊ. ಕೆ. ಜಿ. ಕುಂದಣಗಾರ ಅವರು ಉತ್ತರ ಕರ್ನಾಟಕ ಹಾಗೂ ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಓದಿ 1939ರಲ್ಲಿ ಗ್ರಂಥರೂಪದಲ್ಲಿ ಹೊರತಂದರು. ಕನ್ನಡ ಜನತೆ ಈ ಇಬ್ಬರನ್ನೂ ಮರೆಯಲಿಲ್ಲ. ಕುಂದಣಗಾರರು 1961ರಲ್ಲಿ ಗದಗಿನಲ್ಲಿ, ಉಪಾಧ್ಯೆಯವರು 1967ರಲ್ಲಿ ಶ್ರವಣಬೆಳಗೊಳದಲ್ಲಿ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷರಾದರು. ಪುಣೆಯ ಭಾಂಡಾರಕರ ಸಂಶೋಧನ ಮಂದಿರದಲ್ಲಿ 1919ರಲ್ಲಿ ಆರಂಭವಾಗಿ 1966ರಲ್ಲಿ ಮುಗಿದ ಮಹಾಭಾರತದ ಸಂಪಾದನೆಗಾಗಿ 1,259 ಹಸ್ತಪ್ರತಿಗಳನ್ನು ನೋಡಲಾಯಿತು. ಇದೆಲ್ಲವೂ ಯಂತ್ರದ ನೆರವಿಲ್ಲದೆ, ಕಣ್ಣು ಮತ್ತು ಲೇಖಣಿಗಳಿಂದ ನಡೆದ ಕೆಲಸ. ಈ ವಿದ್ವಾಂಸರಿಗೆ ಹೊಸದೆಲ್ಲ ಒಳ್ಳೆಯದೆಂಬ ಭ್ರಮೆಯೂ ಇರಲಿಲ್ಲ, ಹಳೆಯದೆಲ್ಲ ಪವಿತ್ರವೆಂಬ ಮೋಹವೂ ಇರಲಿಲ್ಲ. ಪ್ರತಿ ಮಾಡುವವನು ಕಠಿಣವಾದ ಶಬ್ದವನ್ನು ತನಗೆ ತಿಳಿದ ಸುಲಭ ಶಬ್ದಕ್ಕೆ ಬದಲಿಸಿಬಿಡುವುದುಂಟು. ಆದ್ದರಿಂದ ಓದಲು ಸುಲಭವಾದದ್ದೇ ಮೂಲವೆಂದು ತಿಳಿಯಬಾರದು ಎಂಬುದು ಗ್ರಂಥ ಸಂಪಾದನೆಯ ಒಂದು ಎಚ್ಚರಿಕೆ. ಡಿಫ್ ಓದುವ ನಮ್ಮ ಮಕ್ಕಳಿಗೂ ಅದೇ ಎಚ್ಚರ ಬೇಕು.

ಇಷ್ಟರವರೆಗೆ ನಾವು ಹೊಂದಿಕೊಳ್ಳಬೇಕಾದ ವಿಷಯ ಹೇಳಿದೆವು. ಕನ್ನಡದ ವಿಷಯದಲ್ಲಿ ಉಪಕರಣವೇ ಎಡವುವ ಕೆಲವು ಸ್ಥಳಗಳಿವೆ. ಒಂದು ಕಡತಕ್ಕೆ ಕನ್ನಡದಲ್ಲಿ ಹೆಸರಿಟ್ಟರೆ ಗಿಟ್ ಆ ಹೆಸರನ್ನು ತೋರಿಸದೆ ಅಂಕಿಗಳ ಸರಮಾಲೆಯನ್ನು ತೋರಿಸುತ್ತದೆ. ‘ಕ’ ಎಂಬ ಒಂದೇ ಅಕ್ಷರವು \340\262\225 ಎಂದು ಕಾಣುತ್ತದೆ. ಯೂನಿಕೋಡಿನ ರೂಢಿಯ ಬರಹದಲ್ಲಿ ನಮ್ಮ ಒಂದೊಂದು ಅಕ್ಷರಕ್ಕೆ ಮೂರು ತುಣುಕುಗಳಿರುವುದೂ ಗಿಟ್ ಇಂಗ್ಲಿಷೇತರ ತುಣುಕುಗಳನ್ನು ಅಂಕಿಗಳಾಗಿ ಬರೆಯುವುದೂ ಇದಕ್ಕೆ ಕಾರಣ. ಕೋರ್ ಕ್ವೋಟ್‌ಪಾತ್ ಎಂಬ ಹೊಂದಿಕೆಯನ್ನು ಮುಚ್ಚಿಬಿಟ್ಟರೆ ಕನ್ನಡ ಹೆಸರು ಸ್ವಚ್ಛವಾಗಿ ಕಾಣುತ್ತದೆ. ಇದು ತಿಳಿಯದ ಹುಡುಗನು ಕನ್ನಡವನ್ನೇ ಬಿಟ್ಟು ಇಂಗ್ಲಿಷ್ ಹೆಸರಿಡುತ್ತಾನೆ. ಹುಡುಗ ಕನ್ನಡ ಬಿಡುವ ಬದಲು ಹೊಂದಿಕೆಯನ್ನು ಬದಲಿಸಲಿ ಎಂಬುದು ನಮ್ಮ ಮಾತು.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ‘ಕೋ’ ಎಂಬುದನ್ನು ‘ಕ’ದ ಮುಂದೆ ಓಕಾರದ ಒಂದೇ ಚಿಹ್ನೆಯಿಂದಲೂ ಬರೆಯಬಹುದು, ಎಕಾರ, ಊಕಾರ, ದೀರ್ಘ ಎಂಬ ಮೂರು ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಆದರೆ ಒಳಗಿನ ಸಂಕೇತಗಳು ಬೇರೆಯಾದ್ದರಿಂದ ಗಿಟ್ ಒಂದನ್ನು ಕೆಂಪಾಗಿ, ಇನ್ನೊಂದನ್ನು ಹಸಿರಾಗಿ ತೋರಿಸುತ್ತದೆ. ಓದುವವನು ಕಣ್ಣು ತಿಕ್ಕಿಕೊಂಡರೂ ವ್ಯತ್ಯಾಸ ಕಾಣದು. ಶಬ್ದಗಳ ಹೋಲಿಕೆಯಲ್ಲಿಯೂ ಕನ್ನಡಕ್ಕೆ ಪೂರ್ಣ ನ್ಯಾಯ ಸಿಕ್ಕುವುದಿಲ್ಲ. ಇಂಗ್ಲಿಷಿನಲ್ಲಿ ನಾಲ್ಕಾರು ಬಿಡಿ ಶಬ್ದಗಳಾಗುವುದು ನಮ್ಮಲ್ಲಿ ‘ಹೋಗಬೇಕಾಗಿತ್ತೆಂದು’ ಎಂಬ ಒಂದೇ ಶಬ್ದವಾಗುತ್ತದೆ. ಅದರಲ್ಲಿ ಒಂದು ಪ್ರತ್ಯಯ ಬದಲಾದರೂ ಇಡೀ ಶಬ್ದ ಬದಲಾಯಿತೆಂದು ಯಂತ್ರ ಹೇಳುತ್ತದೆ. ಹಳೆಯ ಅಕ್ಷರಶೈಲಿಗಳಲ್ಲಿ, ಯೂನಿಕೋಡ್ ಅಲ್ಲದ ಸಂಕೇತಗಳಲ್ಲಿ ಅಚ್ಚು ಮಾಡಿಟ್ಟ ಬರಹವಾದರೆ ಡಿಫ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳೇ ಕಾಣುತ್ತವೆ. ಇವುಗಳನ್ನು ಸರಿಪಡಿಸುವವರು ಯಾರು? ಕನ್ನಡದ ಸಂಧಿ ಸಮಾಸಗಳನ್ನೂ ಪ್ರತ್ಯಯಗಳನ್ನೂ ಅರಿಯದವರು ದೂರದಲ್ಲಿ ಕುಳಿತು ಸರಿಪಡಿಸಲಾರರು. ಗಿಟ್ ಯಾರ ಖಾಸಗಿ ಸ್ವತ್ತೂ ಅಲ್ಲ. ಅದರ ಮೂಲವು ಎಲ್ಲರಿಗೂ ತೆರೆದಿದೆ. ವ್ಯಾಕರಣವನ್ನು ಕನ್ನಡದಲ್ಲಿಯೇ ಓದಿದ ನಮ್ಮ ಮಕ್ಕಳಲ್ಲಿ ಯಾರಾದರೊಬ್ಬರು ನಾಳೆ ಈ ಕೆಲಸ ಮಾಡಿದರೆ ಕನ್ನಡ ಮಾಧ್ಯಮವು ಅವರಿಗೆ ತೊಡಕಾಗಿರದೆ ಬಲವಾಗಿತ್ತೆಂದು ಎಲ್ಲರೂ ಒಪ್ಪುವರು.

ಈ ವಿದ್ಯೆಯು ಗಣಕ ವಿಜ್ಞಾನ ಓದುವವರಿಗೆ ಮಾತ್ರ ಬೇಕೆಂದು ಉಳಿದವರು ಸುಮ್ಮನಿರುವಂತಿಲ್ಲ. ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದಿವೆ. ಪ್ರಬಂಧ ಕೊಟ್ಟರೆ ಕ್ಷಣಾರ್ಧದಲ್ಲಿ ತಿದ್ದಿ ಕೊಡುತ್ತವೆ. ಪ್ರೋಗ್ರಾಂ ಕೊಟ್ಟರೆ ಬದಲಿಸಿ ಕೊಡುತ್ತವೆ. ಮಗು ಅದನ್ನು ಹಾಗೆಯೇ ಇಳಿಸಿಕೊಂಡು ತಂದರೆ ಏನು ಬದಲಾಯಿತೆಂದು ಅದಕ್ಕೇ ಗೊತ್ತಿರುವುದಿಲ್ಲ. ಯಂತ್ರವು ಅಕ್ಷರದೋಷ ತಿದ್ದುವ ನೆಪದಲ್ಲಿ ಅಜ್ಜಿ ಹೇಳಿದ ಊರಿನ ಮಾತನ್ನು ತೆಗೆದು ಹಾಕಿರಬಹುದು, ಇಲ್ಲದ ಸಂಗತಿಯನ್ನು ಸೇರಿಸಿರಬಹುದು. ಬರೆಯುವ ಶ್ರಮ ಕಡಿಮೆಯಾದಷ್ಟೂ ವ್ಯತ್ಯಾಸವನ್ನು ಓದುವ ಹೊಣೆ ಹೆಚ್ಚುತ್ತದೆ. ಓದದೆ ಸಹಿ ಮಾಡಿ ಹೊಲ ಕಳೆದುಕೊಂಡವರ ಕಥೆಗಳನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಓದದೆ ಒಪ್ಪಿಕೊಂಡ ಬದಲಾವಣೆಯೂ ಅಂಥದೇ.

ಹಾಗಾದರೆ ಶಾಲೆಯಲ್ಲಿ ಏನು ಮಾಡಬಹುದು? ಗಣಕಯಂತ್ರವಿಲ್ಲದೆಯೇ ಆರಂಭಿಸಬಹುದು. ಈಗ ಪ್ರಬಂಧದ ಕಚ್ಚಾ ಪ್ರತಿಯನ್ನು ಗುರುಗಳು ತಿದ್ದಿದ ಮೇಲೆ ಮಕ್ಕಳು ಶುದ್ಧಪ್ರತಿ ಬರೆದು ಕಚ್ಚಾ ಪ್ರತಿಯನ್ನು ಹರಿದು ಹಾಕುತ್ತಾರೆ. ಕಲಿಕೆಯ ಗುರುತು ಇದ್ದ ಕಾಗದವೇ ಕಸದ ಬುಟ್ಟಿಗೆ ಹೋಗುತ್ತದೆ. ಇದರ ಬದಲು ವಹಿಯ ಎಡಪುಟದಲ್ಲಿ ಕಚ್ಚಾ ಪ್ರತಿ, ಬಲಪುಟದಲ್ಲಿ ಶುದ್ಧಪ್ರತಿ ಇರಲಿ. ಕೆಳಗೆ ಎರಡು ಸಾಲಿನಲ್ಲಿ ಏನು ಬದಲಿಸಿದೆ, ಏಕೆ ಬದಲಿಸಿದೆ ಎಂದು ಮಗು ತನ್ನ ಮಾತಿನಲ್ಲಿ ಬರೆಯಲಿ. ಗುರುಗಳ ತಿದ್ದುಪಡಿ ಒಪ್ಪಿಗೆಯಾಗದಿದ್ದರೆ ವಿನಯದಿಂದ ಕಾರಣ ಬರೆಯಲಿ. ಅದಕ್ಕೂ ಗುರುಗಳು ಬೆಲೆ ಕೊಡಲಿ. ಗಣಕದ ತಾಸಿನಲ್ಲಿ ಅದೇ ಪ್ರಬಂಧವನ್ನು ಯೂನಿಕೋಡ್ ಕನ್ನಡದಲ್ಲಿ, ಒಂದು ಸಾಲಿಗೆ ಒಂದೇ ವಾಕ್ಯದಂತೆ ಬೆರಳಚ್ಚು ಮಾಡಿಸಿ, ಎರಡೂ ಪ್ರತಿಗಳ ಡಿಫ್ ತೆಗೆದು ನೋಡಲಿ. ಸಾಲಿಗೊಂದು ವಾಕ್ಯವಿದ್ದರೆ ಮೊದಲು ಹೇಳಿದ ದೂರುಗಳಲ್ಲಿ ಅರ್ಧ ತಾವಾಗಿಯೇ ಕಡಿಮೆಯಾಗುತ್ತವೆ.

ಪಾಲಕರಲ್ಲಿಯೂ ಒಂದು ವಿನಂತಿ. ಮಗು ಶಾಲೆಯಿಂದ ಬಂದಾಗ ಎಷ್ಟು ಗುಣ ಬಿತ್ತೆಂದು ಕೇಳುವುದು ಸ್ವಾಭಾವಿಕ. ಅದರೊಡನೆ ಮೊದಲು ಹೇಗೆ ಬರೆದಿದ್ದೆ, ಈಗ ಹೇಗೆ ಬರೆದೆ ಎಂದೂ ಕೇಳಿರಿ. ಮನೆಯಲ್ಲಿರುವ ಸಾತಬಾರಾವನ್ನು ಒಮ್ಮೆ ಮಕ್ಕಳ ಮುಂದೆ ಬಿಡಿಸಿ, ಕಂಸದಲ್ಲಿರುವ ಮುತ್ತಜ್ಜನ ಹೆಸರನ್ನು ತೋರಿಸಿ, ಅದು ಅಲ್ಲಿ ಏಕೆ ಉಳಿದಿದೆ ಎಂದು ಹೇಳಿರಿ. ಬದಲಾವಣೆಯನ್ನು ಮುಚ್ಚಿಡದೆ ದಾಖಲಿಸುವುದರಲ್ಲಿ ನ್ಯಾಯವಿದೆ ಎಂಬ ಪಾಠವನ್ನು ಅದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಕಲಿಸಲಾರದು.

ವಿದ್ಯಾರ್ಥಿ ಮಿತ್ರರೇ, ಗಡಿನಾಡಿನಲ್ಲಿ ಬೆಳೆದ ನಿಮಗೆ ಎರಡನ್ನು ಹೋಲಿಸುವುದು ಹೊಸದಲ್ಲ. ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಒಂದೇ ಪದಾರ್ಥಕ್ಕೆ ಎರಡು ಹೆಸರು, ಒಂದೇ ಹಬ್ಬಕ್ಕೆ ಎರಡು ಪದ್ಧತಿ ನಿಮಗೆ ದಿನನಿತ್ಯದ ಸಂಗತಿ. ಒಂದನ್ನು ಮೇಲೆಂದೂ ಇನ್ನೊಂದನ್ನು ಕೀಳೆಂದೂ ಅವಸರದಲ್ಲಿ ಹೇಳದೆ ಎರಡನ್ನೂ ಸಾವಧಾನವಾಗಿ ಓದುವ ಅಭ್ಯಾಸ ನಿಮಗೆ ಈ ನೆಲದಿಂದಲೇ ಬಂದಿದೆ. ಆ ಅಭ್ಯಾಸವನ್ನೇ ಯಂತ್ರದ ಪುಟಕ್ಕೂ ತೆಗೆದುಕೊಂಡು ಹೋಗಿರಿ. ಕೂಡು ವಜಾಗಳನ್ನು ಕಂಡು ಅಂಜಬೇಡಿರಿ, ಅವುಗಳಿಗೆ ಶರಣಾಗಲೂ ಬೇಡಿರಿ. ಓದಿರಿ, ವಿಚಾರ ಮಾಡಿರಿ, ಆಮೇಲೆ ಒಪ್ಪಿಗೆ ಕೊಡಿರಿ.